ಹಳೇ ಟ್ರಕ್ಕಿಗೆ ಇಂಜೆಕ್ಷನ್ ಎಂಜಿನ್



ಬೈಕುಗಳ ಮೇಲೆ ‘ಎಫ್.ಐ.’ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಅಂದರೆ ಫ್ಯೂಯಲ್ ಇಂಜೆಕ್ಷನ್. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಹೆಚ್ಚುಕಡಿಮೆ ಮಾಯವಾಗಿದೆ. ಹಾಗಾದರೆ ಕಾರ್ಬೊರೇಟರ್ ಇರುವ ಹಳೇ ಗಾಡಿಗೆ ಇಂಜೆಕ್ಷನ್ ಎಂಜಿನ್ನನ್ನೇ ಕೂರಿಸಬಹುದೇ? ಕೂರಿಸಬಹುದು. ಅಮೆರಿಕದಲ್ಲಿ ಪಿಕಪ್ ಟ್ರಕ್ಕುಗಳಿಗೆ ಬಹಳ ಜನ ಹೀಗೆ ಮಾಡುತ್ತಾರೆ. ಅಲ್ಲಿ ಇಂಥ ಟ್ರಕ್ಕುಗಳು ಹೆಚ್ಚಾಗಿ ಪೆಟ್ರೋಲಿನವು. ನಮ್ಮ ಡೀಸೆಲ್ ಲಾರಿಗೆ ಈ ಪ್ರಶ್ನೆಯೇ ಇಲ್ಲ, ಡೀಸೆಲ್ ಎಂಜಿನ್ನಿಗೆ ಕಾರ್ಬೊರೇಟರ್ ಇರುವುದಿಲ್ಲ, ಇಂಜೆಕ್ಷನ್ ಪಂಪೇ ಇರುತ್ತದೆ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ದಶಕಗಳ ಕಾಲ ಆ ಪಂಪುಗಳನ್ನು ತಯಾರಿಸಿತು.

ಕಾರ್ಬೊರೇಟರ್ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿಯಲು ಲೋಟದ ನೀರಿನಲ್ಲಿ ಒಂದು ಸ್ಟ್ರಾ ನೆಟ್ಟಗೆ ಹಿಡಿಯಿರಿ. ಅದರ ತುದಿಯ ಮೇಲೆ ಇನ್ನೊಂದು ಸ್ಟ್ರಾದಿಂದ ಅಡ್ಡಲಾಗಿ ಜೋರಾಗಿ ಊದಿ. ನೀರು ಮೇಲೇರಿ ತುಂತುರಾಗುತ್ತದೆ. (ತರಗತಿಯಲ್ಲಿ ಮಾಡಬೇಡಿ, ಮುಂದಿನ ಬೆಂಚಿನವರ ಬೆನ್ನು ಒದ್ದೆಯಾಗುತ್ತೆ!) ಎಂಜಿನ್ ಎಳೆದುಕೊಳ್ಳುವ ಗಾಳಿಯೂ ಹೀಗೇ ಪೆಟ್ರೋಲನ್ನು ಎಳೆಯುತ್ತದೆ. 1 ಕೆ.ಜಿ. ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಆದರೆ ಚಳಿ ಇದೆಯೋ, ಬೆಟ್ಟ ಹತ್ತಿದ್ದೇವೋ ಎಂಬುದು ಕಾರ್ಬೊರೇಟರಿಗೆ ಗೊತ್ತಾಗುವುದಿಲ್ಲ. ಸಮುದ್ರದ ಮಟ್ಟದಲ್ಲಿ ಸರಿ ಮಾಡಿದ ಗಾಡಿಯನ್ನು 1,600 ಮೀಟರ್ ಎತ್ತರದ ಡೆನ್ವರ್ ಪಟ್ಟಣಕ್ಕೆ ಒಯ್ದರೆ ಗಾಳಿ ತೆಳು, ಪೆಟ್ರೋಲು ಜಾಸ್ತಿ. ಮೈಲೇಜ್ ಬೀಳುತ್ತದೆ.

ಇಂಜೆಕ್ಟರ್ ಎಂದರೆ ಕರೆಂಟಿನಿಂದ ತೆರೆದು ಮುಚ್ಚುವ ಪುಟ್ಟ ನಲ್ಲಿ. ಎಷ್ಟು ಹೊತ್ತು ತೆರೆಯಬೇಕೆಂದು ಗಾಳಿಯನ್ನೂ ಬಿಸಿಯನ್ನೂ ಅಳೆದು ಕಂಪ್ಯೂಟರ್ ಹೇಳುತ್ತದೆ. ಹೊಗೆ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಲೆಕ್ಕ ಸರಿಯಾಯಿತೋ ಇಲ್ಲವೋ ತಿಳಿಸುತ್ತದೆ.

1980ರ ದಶಕದ ಷೆವರ್ಲೆ ಪಿಕಪ್ಪಿನ 5.7 ಲೀಟರ್ ಕಾರ್ಬೊರೇಟರ್ ಎಂಜಿನ್ನಿನ ಶಕ್ತಿ ಸುಮಾರು 165 ಕುದುರೆ. 1999ರಲ್ಲಿ ಬಂದ 5.3 ಲೀಟರ್ ಇಂಜೆಕ್ಷನ್ ಎಂಜಿನ್ನಿನದು 270. ಗಾತ್ರ ಚಿಕ್ಕದು, ಬಲ ದೊಡ್ಡದು! ಅದಕ್ಕೇ ಅಪಘಾತವಾದ ಟ್ರಕ್ಕಿನಿಂದ ಈ ಎಂಜಿನ್ ಕೊಂಡು ಹಳೆಯದಕ್ಕೆ ಹಾಕುತ್ತಾರೆ. ಕೊಳ್ಳುವಾಗ ವೈರು, ಸೆನ್ಸರ್, ಕಂಪ್ಯೂಟರ್ ಎಲ್ಲ ಒಟ್ಟಿಗೇ ತರಬೇಕು. ಆ ಕಂಪ್ಯೂಟರಿನಲ್ಲಿ ಕಳ್ಳರ ವಿರುದ್ಧದ ಬೀಗವೂ ಇರುತ್ತೆ. ಅದನ್ನು ತೆಗೆಸದಿದ್ದರೆ ಎಂಜಿನ್ ಸ್ಟಾರ್ಟ್ ಆಗಿ ಎರಡು ಮೂರು ಸೆಕೆಂಡಿಗೆ ನಿಂತುಬಿಡುತ್ತದೆ. ಎಂಜಿನ್ ಕೂರಲು ಬೇರೆ ಪಟ್ಟಿಗಳೂ ಬೇಕು, ಆದರೆ ಅದು ಬರೀ ಬೋಲ್ಟು ನಟ್ಟಿನ ಕೆಲಸ.

ನಿಜವಾದ ಅಪಾಯ ಪೆಟ್ರೋಲ್ ಪೈಪಿನಲ್ಲಿದೆ. ಟೈರಿಗೆ ಗಾಳಿ ಹೊಡೆಸುವಾಗ ‘30 ಹಾಕಿ’ ಅಂತೀವಲ್ಲ, ಅದೇ ಅಳತೆಯಲ್ಲಿ ಕಾರ್ಬೊರೇಟರಿಗೆ ಬೇಕಾದ ಒತ್ತಡ 5ರಿಂದ 7. ಹೊಸ ಎಂಜಿನ್ನಿಗೆ ಸುಮಾರು 58 ಬೇಕು! ಅದಕ್ಕಾಗಿ ಟ್ಯಾಂಕಿನೊಳಗೆ ಕರೆಂಟ್ ಪಂಪು ಇಡುತ್ತಾರೆ. ಆದರೆ ಕೆಲವರು ಹಳೇ ರಬ್ಬರ್ ಪೈಪು, ಹಳೇ ಕ್ಲಿಪ್ಪು ಹಾಗೇ ಬಿಡುತ್ತಾರೆ. ಅದು ಬಿರುಕು ಬಿಟ್ಟರೆ ಪೆಟ್ರೋಲು ತೊಟ್ಟಿಕ್ಕುವುದಿಲ್ಲ, ಕಾದ ಹೊಗೆ ಪೈಪಿನ ಮೇಲೆ ಚಿಮ್ಮುತ್ತದೆ. ಇಡೀ ಕೆಲಸದಲ್ಲಿ ದುಡ್ಡು ಉಳಿಸಲೇಬಾರದ ಜಾಗ ಇದು ಎಂದು ನನ್ನ ಅನಿಸಿಕೆ. ಎಂಜಿನ್ ಆಫ್ ಮಾಡಿದ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ, ಅದನ್ನು ಇಳಿಸದೆ ಪೈಪು ಬಿಚ್ಚಬಾರದು.

ಇನ್ನೊಂದು ವಿಷಯ. ಪಂಪಿನ ವೈರನ್ನು ನೇರವಾಗಿ ಕೀಗೆ ಜೋಡಿಸಿದರೆ ಗಾಡಿ ಚಲಿಸೋದೇನೋ ಚಲಿಸುತ್ತೆ. ಆದರೆ ಗಾಡಿ ಮಗುಚಿ ಎಂಜಿನ್ ನಿಂತರೂ ಕೀ ಆನ್ ಇರುವವರೆಗೆ ಪಂಪು ಪೆಟ್ರೋಲು ತಳ್ಳುತ್ತಲೇ ಇರುತ್ತದೆ. ಕಂಪ್ಯೂಟರಿನ ಮೂಲಕ ಜೋಡಿಸಿದರೆ ಎಂಜಿನ್ ತಿರುಗುವುದು ನಿಂತ ಸ್ವಲ್ಪ ಹೊತ್ತಿನಲ್ಲೇ ಪಂಪೂ ನಿಲ್ಲುತ್ತದೆ.

ನಮ್ಮ ದೇಶದಲ್ಲಿ ಆರ್.ಸಿ.ಯಲ್ಲಿ ಎಂಜಿನ್ ನಂಬರೂ ಇರುತ್ತದೆ. ಆದ್ದರಿಂದ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಿಸುವ ಮೊದಲೇ ಆರ್.ಟಿ.ಒ. ಕಚೇರಿಯ ಅನುಮತಿ ಪಡೆಯಬೇಕು.