ಮಾತ್ರೆ ಬೇಡ ಎಂದ ಪ್ರೊಫೆಸರ್

ಹಾಸ್ಟೆಲ್‌ನಲ್ಲಿ ಯಾರಾದರೂ ಬೆಳಿಗ್ಗೆ ನಗ್ತಾ ಇದ್ದು ಸಂಜೆ ಸಿಡುಕಿದರೆ ಸಾಕು, "ಅವನು ಫುಲ್ ಬೈಪೋಲಾರ್ ಮಗಾ" ಅಂತ ನಾವು ಷರಾ ಬರೆದುಬಿಡ್ತೀವಿ. ಇಂಟರ್ನಲ್ಸ್‌ಗೆ ಮುಂಚೆ ಒಂದು ಮೂಡು, ಮುಗಿದ ಮೇಲೆ ಇನ್ನೊಂದು. ಇದನ್ನೇ ಬೈಪೋಲಾರ್ ಅನ್ನೋದಾದರೆ ನಮ್ಮ ಇಡೀ ಕಾಲೇಜು ಒಂದು ವಾರ್ಡು. ವೈದ್ಯರ ಲೆಕ್ಕ ಹಾಗಿಲ್ಲ. ಮೇನಿಯಾ, ಅಂದರೆ ಉನ್ಮಾದ ಎನ್ನಬೇಕಾದರೆ ಸಾಮಾನ್ಯವಾಗಿ ಕಡಿಮೆ ಅಂದ್ರೂ ಒಂದು ವಾರ ಆ ಸ್ಥಿತಿ ಇರಬೇಕು. ಖಿನ್ನತೆಗೆ ಎರಡು ವಾರ. ನಿದ್ದೆ, ಮಾತು, ಖರ್ಚು, ತೀರ್ಮಾನ ಎಲ್ಲವೂ ಆ ಮನುಷ್ಯನ ಮಾಮೂಲಿ ರೀತಿಯನ್ನು ಬಿಟ್ಟು ಬೇರೆಯೇ ಆಗಿರಬೇಕು.

ಇದೆಲ್ಲ ನಮಗೆ ಗೊತ್ತಾಗಿದ್ದು ತಡವಾಗಿ. ಹೋದ ವರ್ಷ ನಮ್ಮ ಕಾರಿಡಾರಿನ ಗೆಳೆಯನೊಬ್ಬ ಹತ್ತು ದಿನ ಸರಿಯಾಗಿ ನಿದ್ದೆಯನ್ನೇ ಮಾಡಲಿಲ್ಲ. ಒಂದೇ ಉಸಿರಿಗೆ ನಾಲ್ಕು ಸ್ಟಾರ್ಟ್‌ಅಪ್ ಐಡಿಯಾ ಹೇಳಿದ, ಮನೆಯಿಂದ ಬಂದ ದುಡ್ಡನ್ನೆಲ್ಲ ಸೆನ್ಸರ್ ತರಿಸೋಕೆ ಸುರಿದ. "ಏನ್ ಎನರ್ಜಿ ಗುರೂ" ಅಂತ ನಾವು ಚಪ್ಪಾಳೆ ತಟ್ಟಿದ್ವಿ. ಅವನ ಅಪ್ಪ ಬಂದು ಕರೆದುಕೊಂಡು ಹೋದ ಮೇಲೆ ಇದರ ಬಗ್ಗೆ ಓದೋಕೆ ಕೂತಾಗ ಮತ್ತೆ ಮತ್ತೆ ಎದುರಾದ ಹೆಸರು ಕೇ ರೆಡ್‌ಫೀಲ್ಡ್ ಜೇಮಿಸನ್.

ಜೇಮಿಸನ್ ಅಮೆರಿಕದ ಕ್ಲಿನಿಕಲ್ ಸೈಕಾಲಜಿಸ್ಟ್. (ಸೈಕಾಲಜಿಸ್ಟ್, ಸೈಕಿಯಾಟ್ರಿಸ್ಟ್ ಎರಡೂ ಒಂದೇ ಅಲ್ಲ. ಎರಡನೆಯವರು ಎಂಬಿಬಿಎಸ್ ಥರದ ವೈದ್ಯಕೀಯ ಓದಿ ಬಂದವರು, ಔಷಧಿ ಬರೆಯೋರು ಅವರು. ಮೊದಲನೆಯವರು ಮನಶ್ಶಾಸ್ತ್ರ ಓದಿ, ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆಯಲ್ಲಿ ಪಳಗಿದವರು.) ಹುಟ್ಟಿದ್ದು 1946ರಲ್ಲಿ. ತಂದೆ ವಾಯುಪಡೆಯಲ್ಲಿ ಹವಾಮಾನ ವಿಜ್ಞಾನಿ. 1974ರಲ್ಲಿ, 28ನೇ ವಯಸ್ಸಿಗೆ, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸೈಕಿಯಾಟ್ರಿ ವಿಭಾಗದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆದರು. ಕೆಲಸ ಸಿಕ್ಕಿ ಮೂರು ತಿಂಗಳು ಕಳೆಯುವಷ್ಟರಲ್ಲಿ ಅವರೇ ಪೂರ್ತಿ ಉನ್ಮಾದದಲ್ಲಿದ್ದರು.

ಆ ದಿನಗಳ ಒಂದು ಗಾರ್ಡನ್ ಪಾರ್ಟಿಯ ಕಥೆಯನ್ನು ಅವರೇ ಬರೆದಿದ್ದಾರೆ. ಅಲ್ಲಿ ಎಲ್ಲರ ಜೊತೆ ಮಾತಾಡಿ, ಎಲ್ಲರನ್ನೂ ಮೋಡಿ ಮಾಡಿದೆ ಅಂತ ಅವರಿಗೆ ಅನ್ನಿಸಿತ್ತು. ಮುಂದೆ ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರೂ ಅದೇ ಪಾರ್ಟಿಯಲ್ಲಿದ್ದರು. ಈಕೆಗೆ ಮೇನಿಯಾ ಇರಬೇಕು ಎಂದು ಅವರಿಗೆ ಅವತ್ತೇ ಅನ್ನಿಸಿತ್ತಂತೆ. ಹಾವು ಕಚ್ಚಿದರೆ ಬೇಕಾಗುವ ಚಿಕಿತ್ಸಾ ಕಿಟ್‌ಗಳನ್ನು ಡಜನ್ ಲೆಕ್ಕದಲ್ಲಿ ಕೊಂಡಿದ್ದರು, ಒಂದರ ಹಿಂದೊಂದು ಮೂರು ವಾಚು ಕೊಂಡಿದ್ದರು. ಕೊನೆಗೆ ಅರ್ಥಶಾಸ್ತ್ರ ಓದಿದ್ದ ಅಣ್ಣ ಬಂದು, ನೆಲದ ಮೇಲೆ ಬಿಲ್ಲುಗಳನ್ನು ಹರಡಿಕೊಂಡು, ತಾನು ಸಾಲ ಮಾಡಿ ತಂಗಿಯ ಸಾಲ ತೀರಿಸಿದರು. ಈ ಭಾಗ ಓದುವಾಗ ನಮಗೆ ಆ ಸೆನ್ಸರ್ ಡಬ್ಬ ನೆನಪಾಯ್ತು, ನಗು ಬರಲಿಲ್ಲ.

ಅವರಿಗೆ ಸಿಕ್ಕ ಔಷಧಿ ಲಿಥಿಯಂ. ಹೌದು, ನಮ್ಮ ಫೋನ್ ಬ್ಯಾಟರಿಯದ್ದೇ, ಆವರ್ತಕ ಕೋಷ್ಟಕದ ಮೂರನೇ ಧಾತು. ಉನ್ಮಾದಕ್ಕೆ ಇದು ಕೆಲಸ ಮಾಡುತ್ತೆ ಅಂತ 1949ರಲ್ಲಿ ವರದಿ ಮಾಡಿದ್ದು ಆಸ್ಟ್ರೇಲಿಯಾದ ಜಾನ್ ಕೇಡ್. ಅಮೆರಿಕದಲ್ಲಿ ಇದಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 1970ರಲ್ಲಿ. ಅಂದರೆ ಜೇಮಿಸನ್ ಹಾಸಿಗೆ ಹಿಡಿಯೋ ಹೊತ್ತಿಗೆ ಔಷಧಿ ಇತ್ತು, ಪಕ್ಕದಲ್ಲೇ ಒಳ್ಳೆ ವೈದ್ಯರಿದ್ದರು, ಕಾಯಿಲೆಯ ವಿಜ್ಞಾನ ಅವರದೇ ವಿಭಾಗದ ಪಾಠ. ಆದರೂ ಅವರು ಮಾತ್ರೆ ಬಿಟ್ಟರು. ಮತ್ತೆ ಶುರು ಮಾಡಿದರು, ಮತ್ತೆ ಬಿಟ್ಟರು. ಪ್ರತಿ ಸಲ ಉನ್ಮಾದ, ಅದರ ಹಿಂದೆಯೇ ತಿಂಗಳುಗಟ್ಟಲೆ ಖಿನ್ನತೆ. ಒಮ್ಮೆ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದರು.

ಯಾಕೆ ಬಿಟ್ಟರು? ಈ ಪ್ರಶ್ನೆಯನ್ನೇ ಅವರು ಸಂಶೋಧನೆ ಮಾಡಿಕೊಂಡಿದ್ದು ನಮಗೆ ಅವರ ವೃತ್ತಿಜೀವನದ ಅತಿ ದೊಡ್ಡ ವಿಷಯ ಅನ್ನಿಸುತ್ತದೆ. 1979ರಲ್ಲಿ ಸಹೋದ್ಯೋಗಿಗಳ ಜೊತೆ ಪ್ರಕಟಿಸಿದ ಪ್ರಬಂಧದಲ್ಲಿ ರೋಗಿಗಳನ್ನೂ ವೈದ್ಯರನ್ನೂ ಕೇಳಿದರು: ಲಿಥಿಯಂ ಬಿಡೋದು ಯಾಕೆ? ಕೈ ನಡುಕ, ಮಂಕುತನದಂಥ ಅಡ್ಡಪರಿಣಾಮ ಒಂದು ಕಡೆ. ಇನ್ನೊಂದು ಕಡೆ, ನನ್ನ ಮನಸ್ಸನ್ನು ಒಂದು ಮಾತ್ರೆ ನಡೆಸುತ್ತೆ ಅನ್ನೋ ಮುಜುಗರ, ಆ 'ಹೈ' ಇನ್ನು ಬರಲ್ಲ ಅನ್ನೋ ಕೊರಗು. ಮರುವರ್ಷದ ಇನ್ನೊಂದು ಪ್ರಬಂಧದಲ್ಲಿ, ಈ ಕಾಯಿಲೆಯಿಂದ ನಿಮಗೆ ಏನಾದರೂ ಒಳ್ಳೇದು ಅನ್ನಿಸಿದ್ದುಂಟಾ ಅಂತಲೇ ರೋಗಿಗಳನ್ನು ಕೇಳಿದರು. ಉತ್ಸಾಹ, ಸೃಜನಶೀಲತೆ, ಕೆಲಸದ ವೇಗ ಅಂತ ಉತ್ತರಗಳು ಬಂದವು. ಸಕ್ಕರೆ ಕಾಯಿಲೆಯವರನ್ನು ಯಾರೂ ಹೀಗೆ ಕೇಳಲ್ಲ. ಕಾಯಿಲೆಯ ಒಂದು ಭಾಗ ರೋಗಿಗೆ ಇಷ್ಟವಾಗುತ್ತೆ, ಅದಕ್ಕೇ ಮಾತ್ರೆ ಕಸದ ಬುಟ್ಟಿಗೆ ಹೋಗುತ್ತೆ. ಅದೇ ವಿಶ್ವವಿದ್ಯಾಲಯದಲ್ಲಿ ಅವರು ಕಟ್ಟಿ ಬೆಳೆಸಿದ ಕ್ಲಿನಿಕ್‌ನಲ್ಲಿ ಔಷಧಿಯ ಜೊತೆಗೆ ಮಾತಿನ ಚಿಕಿತ್ಸೆಗೂ ಜಾಗ ಕೊಟ್ಟಿದ್ದು ಈ ಕಾರಣಕ್ಕೇ. ತನ್ನನ್ನು ಉಳಿಸಿದ್ದು ಲಿಥಿಯಂ ಒಂದೇ ಅಲ್ಲ, ವಾರ ವಾರ ಕೂತು ಮಾತು ಕೇಳಿದ ವೈದ್ಯರೂ ಹೌದು ಅಂತ ಅವರು ಹೇಳುತ್ತಾರೆ.

1990ರಲ್ಲಿ ಫ್ರೆಡರಿಕ್ ಗುಡ್ವಿನ್ ಜೊತೆ ಬರೆದ ಪಠ್ಯಪುಸ್ತಕ 'ಮ್ಯಾನಿಕ್-ಡಿಪ್ರೆಸಿವ್ ಇಲ್‌ನೆಸ್' ಬಂತು, 900ಕ್ಕೂ ಹೆಚ್ಚು ಪುಟ. ಹೆಸರು ಗಮನಿಸಿ, ಬೈಪೋಲಾರ್ ಅನ್ನೋ ಪದ ಅದರಲ್ಲಿ ಇಲ್ಲ. ಜೇಮಿಸನ್‌ಗೆ ಆ ಪದ ಇಷ್ಟವಿಲ್ಲ. ಎರಡು ಧ್ರುವ ಅಂದ ತಕ್ಷಣ ನಮ್ಮಂಥವರ ತಲೆಯಲ್ಲಿ ಸೈನ್ ವೇವ್ ಓಡುತ್ತೆ: ಮೇಲೆ ಉನ್ಮಾದ, ಕೆಳಗೆ ಖಿನ್ನತೆ, ನಡುವೆ ಸೊನ್ನೆ. ನಿಜದಲ್ಲಿ ಎರಡೂ ಒಟ್ಟಿಗೆ ಬರಬಹುದು. ಮನಸ್ಸಿನಲ್ಲಿ ಖಿನ್ನತೆಯ ಕತ್ತಲು, ಮೈಯಲ್ಲಿ ಉನ್ಮಾದದ ಚಡಪಡಿಕೆ. ಈ ಮಿಶ್ರ ಸ್ಥಿತಿಯಲ್ಲೇ ಆತ್ಮಹತ್ಯೆಯ ಅಪಾಯ ಹೆಚ್ಚು. ಒಂದೇ ಆಕ್ಸಿಸ್‌ನ ಗ್ರಾಫ್‌ನಲ್ಲಿ ಇದನ್ನು ಬಿಡಿಸೋಕೇ ಆಗಲ್ಲ.

ಇಂಥ ಪುಸ್ತಕ ಬರೆದವರಿಗೇ ಆ ಕಾಯಿಲೆ ಇದೆ ಅಂತ ಓದುಗರಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವರು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ಗೆ ಬಂದಾಗಿತ್ತು. 1995ರಲ್ಲಿ 'ಆನ್ ಅನ್‌ಕ್ವೈಟ್ ಮೈಂಡ್' ಆತ್ಮಕಥೆಯಲ್ಲಿ ಎಲ್ಲವನ್ನೂ ಬಿಚ್ಚಿಟ್ಟರು. ಸಣ್ಣ ವಿಷಯ ಅಲ್ಲ. ಇನ್ನು ಮುಂದೆ ಇವರ ಸಂಶೋಧನೆಯನ್ನು ವಿಜ್ಞಾನ ಅಂತ ಓದ್ತಾರಾ, ರೋಗಿಯ ಅಳಲು ಅಂತ ಓದ್ತಾರಾ? ರೋಗಿಗಳು ಇವರನ್ನು ನಂಬ್ತಾರಾ? ಈ ಭಯ ಅವರಿಗಿತ್ತು. 2001ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಕೆಲಸ ನಿಲ್ಲಲಿಲ್ಲ.

ಅವರು ಹೇಳಿದ್ದನ್ನೆಲ್ಲ ನಾವು ಕಣ್ಣು ಮುಚ್ಚಿ ಒಪ್ಪಲ್ಲ. 47 ಬ್ರಿಟಿಷ್ ಲೇಖಕರು, ಕಲಾವಿದರನ್ನು ಸಂದರ್ಶಿಸಿ, ಅವರಲ್ಲಿ ನೂರಕ್ಕೆ 38 ಮಂದಿ ಮನಃಸ್ಥಿತಿಯ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದರು ಎಂದು ತೋರಿಸಿದ ಅಧ್ಯಯನ ಬಹಳ ಹೆಸರು ಮಾಡಿತು. ಆದರೆ ಸ್ಯಾಂಪಲ್ ಚಿಕ್ಕದು, ಹೋಲಿಸೋಕೆ ಕಂಟ್ರೋಲ್ ಗುಂಪಿಲ್ಲ. ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಡಂ ಕೆಂಪು ಪೆನ್ನು ಎತ್ತಿಕೊಳ್ತಿದ್ದರು. ಕಾಯಿಲೆ ಇದ್ದರೆ ಪ್ರತಿಭೆ ಅನ್ನೋ ರೊಮ್ಯಾಂಟಿಕ್ ಕಥೆಗೆ ಇದನ್ನು ಬಳಸಿಕೊಳ್ಳೋರು, ಚಿಕಿತ್ಸೆ ಬಿಡಬೇಡಿ ಅಂತ ಅದೇ ಜೇಮಿಸನ್ ಹೇಳಿದ್ದನ್ನು ಮರೆತುಬಿಡ್ತಾರೆ.

ನಮಗೆ, ಅಂದರೆ ಎಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ, ಹಿಡಿಸಿದ ಇನ್ನೊಂದು ವಿಷಯ ಡೋಸ್. ರಕ್ತದಲ್ಲಿ ಲಿಥಿಯಂ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇರಬೇಕು. 1.5 ದಾಟಿದರೆ ವಿಷ ಏರುವ ಲಕ್ಷಣಗಳು ಶುರು. ಟಾಲರೆನ್ಸ್ ಇಷ್ಟು ಕಿರಿದು. ಅದಕ್ಕೇ ಆಗಾಗ ರಕ್ತ ಪರೀಕ್ಷೆ. ಕಿಡ್ನಿ, ಥೈರಾಯ್ಡ್ ಮೇಲೂ ಕಣ್ಣಿಡಬೇಕು. ವಾಂತಿ-ಭೇದಿಯಾಗಿ ಮೈಯ ನೀರು ಹೋದರೂ ಮಟ್ಟ ಏರಬಹುದು. ಮೊದಲ ವರ್ಷಗಳಲ್ಲಿ ಜೇಮಿಸನ್ ಅವರಿಗೆ ಕೊಡ್ತಿದ್ದ ಡೋಸ್ ಹೆಚ್ಚಿತ್ತು. ಪುಸ್ತಕವೇ ಉಸಿರಾಗಿದ್ದವರಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಂಭೀರವಾದ ಒಂದು ಪುಸ್ತಕವನ್ನು ಪೂರ್ತಿ ಓದೋದೇ ಕಷ್ಟವಾಗಿತ್ತು. ಇಂಗ್ಲೆಂಡಿನಲ್ಲಿ ಒಂದು ವರ್ಷ ಇದ್ದಾಗ ವೈದ್ಯರ ಸಲಹೆಯಂತೆ ಡೋಸ್ ಇಳಿಸಿದ ಮೇಲೆ ಓದು ವಾಪಸ್ ಬಂತು. ಮಾತ್ರೆ ಬಿಡೋದಕ್ಕೂ ಡೋಸ್ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡೋದಕ್ಕೂ ಇರೋ ವ್ಯತ್ಯಾಸ ಇಲ್ಲಿದೆ.

ಈ ಕಾಯಿಲೆ ಹೆಚ್ಚಾಗಿ ತಲೆ ಎತ್ತೋದು ಹದಿಹರೆಯದ ಕೊನೆ, ಇಪ್ಪತ್ತರ ಆಸುಪಾಸು. ಜೇಮಿಸನ್ ಅವರಿಗೆ ಮೊದಲ ಸೂಚನೆ ಸಿಕ್ಕಿದ್ದು 17ಕ್ಕೆ. ನೈಟ್‌ಔಟ್ ಮಾಡಿದ್ದಕ್ಕೇ ಯಾರಿಗೂ ಬೈಪೋಲಾರ್ ಬರಲ್ಲ, ಹೆದರಬೇಡಿ. ಆದರೆ ಒಳಗೆ ಅದರ ಒಲವು ಇರೋರಿಗೆ ನಿದ್ದೆಗೆಟ್ಟರೆ ಉನ್ಮಾದ ಕೆರಳಬಹುದು. ಜೊತೆಗಿರೋರು ನಿದ್ದೆಯೇ ಇಲ್ಲದೆ ದಿನಗಟ್ಟಲೆ ದಣಿವಿಲ್ಲದಂತಿದ್ದರೆ, ಅಥವಾ ವಾರಗಟ್ಟಲೆ ಎದ್ದೇಳದಿದ್ದರೆ, ಮನೆಯವರಿಗೆ, ವಾರ್ಡನ್‌ಗೆ ಹೇಳಿ. ಸಹಾಯಕ್ಕೆ 14416 ಇದೆ, ಕೇಂದ್ರ ಸರ್ಕಾರದ ಟೆಲಿ-ಮಾನಸ್. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇದರ ಹಿಂದಿನ ಮುಖ್ಯ ಸಂಸ್ಥೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ನಮ್ಮ ಗೆಳೆಯ ಈ ಸೆಮಿಸ್ಟರ್‌ಗೆ ವಾಪಸ್ ಬಂದಿದ್ದಾನೆ, ಒಂದು ವರ್ಷ ಕೆಳಗಿನ ಬ್ಯಾಚಿಗೆ. ರಾತ್ರಿ ಹನ್ನೊಂದಕ್ಕೆ ಅವನ ರೂಮಿನ ಲೈಟ್ ಆಫ್, ಯಾರು ಕರೆದರೂ ಬರಲ್ಲ. ಇದನ್ನು ಬರೀಬಹುದಾ ಅಂತ ಅವನನ್ನೇ ಕೇಳಿದ್ವಿ. "ಹೆಸರು ಬೇಡ. ಸೆನ್ಸರ್ ವಿಷಯ ಬೇಕಾದ್ರೆ ಹಾಕ್ರೋ" ಅಂದ. ಆ ಡಬ್ಬದಲ್ಲಿದ್ದ ಅರ್ಧ ಸೆನ್ಸರ್‌ಗಳು ಈಗ ಜೂನಿಯರ್‌ಗಳ ಮಿನಿ ಪ್ರಾಜೆಕ್ಟಿನಲ್ಲಿವೆ.