ಸಣ್ಣ ಉರಿ, ಹಂದಿಯ ನೆಣ ಮತ್ತು ಕಾಡಿನ ಹುಳಿ

ಕಂಪಲಾಪುರದ ಹರಾಜು ಕಟ್ಟೆಗೆ ಹೊಗೆಸೊಪ್ಪಿನ ಬೇಲ್‌ಗಳು ಬರತೊಡಗುವ ಕಾಲಕ್ಕೆ ಮಳೆ ಹಿಂದೆ ಸರಿದಿರುತ್ತದೆ. ಸಂಜೆ ಬೇಗ ತಣ್ಣಗಾಗುತ್ತದೆ, ಹೊಟ್ಟೆಯೂ ಬೇಗ ಹಸಿಯುತ್ತದೆ. ಹುಣಸೂರು ಬಿಟ್ಟು ಪಿರಿಯಾಪಟ್ಟಣದ ಮೇಲೆ ಕುಶಾಲನಗರಕ್ಕೆ ಹೋಗುವ ಹೆದ್ದಾರಿಯ ಊರು ಇದು. ಹಾಗಾಗಿ ಈ ಕಡೆಯ ಬಾಡೂಟದಲ್ಲಿ ಮೈಸೂರು ಸೀಮೆಯ ಮುದ್ದೆ, ಮಟನ್ ಸಾರಿನ ಜೊತೆಗೆ ಕೊಡಗಿನ ಕಪ್ಪು ಪಂದಿ ಕರಿಯೂ ಪರಿಚಿತ. ಆದರೆ ಅದನ್ನು ಮನೆಯಲ್ಲಿ ಮಾಡಿದವರ ದೂರು ಸಾಮಾನ್ಯವಾಗಿ ಒಂದೇ. ಒಂದೇ ಅಂಗಡಿಯ ಹಂದಿ ಮಾಂಸ, ಒಂದೇ ಮಸಾಲೆ. ಒಬ್ಬರ ಮನೆಯಲ್ಲಿ ಬಾಯಲ್ಲಿಟ್ಟರೆ ಕರಗುತ್ತದೆ, ಇನ್ನೊಬ್ಬರ ಮನೆಯಲ್ಲಿ ಅಗಿದಷ್ಟೂ ಮುಗಿಯುವುದಿಲ್ಲ. ಕೈಗುಣ ಎಂದು ಹೇಳಿ ಸುಮ್ಮನಾಗಬಹುದು. ಆದರೆ ಉತ್ತರ ಇರುವುದು ಆ ಪ್ರಾಣಿಯ ಮೈಯಲ್ಲಿ, ಮತ್ತು ಅದನ್ನು ಯಾವ ಉರಿಯಲ್ಲಿ, ಎಷ್ಟು ಹೊತ್ತು ಬೇಯಿಸಿದಿರಿ ಎಂಬುದರಲ್ಲಿ. ಹುಳಿಯನ್ನು ಪಾತ್ರೆಗೆ ಯಾವಾಗ ಹಾಕಿದಿರಿ ಎಂಬುದೂ ಸಾರಿನ ಹದಕ್ಕೆ ಮುಖ್ಯ.

ಮೊದಲು ಪ್ರಾಣಿಯನ್ನು ನೋಡೋಣ. ಸಾಕು ಹಂದಿ ಬೇರೆ ಯಾವುದೋ ಜೀವಿಯಲ್ಲ. ನಾಗರಹೊಳೆಯ ಅಂಚಿನ ಹೊಲಗಳಿಗೆ ರಾತ್ರಿ ನುಗ್ಗುವ ಕಾಡುಹಂದಿಯದೇ ಪ್ರಭೇದ. ಸುಮಾರು 9,000 ವರ್ಷಗಳ ಹಿಂದೆ ಇಂದಿನ ಟರ್ಕಿಯ ಸೀಮೆಯಲ್ಲೂ ಚೀನಾದಲ್ಲೂ ಜನ ಅದನ್ನು ಬೇರೆ ಬೇರೆಯಾಗಿಯೇ ಪಳಗಿಸಿದರು. ಮೂತಿಯಿಂದ ನೆಲ ಉತ್ತು ಗೆಡ್ಡೆ, ಬೇರು, ಹುಳ ಹುಡುಕುವುದು ಅದರ ಕಸುಬು. ಈ ಉಳುಮೆಯ ಭಾರ ಬೀಳುವುದು ಕುತ್ತಿಗೆ, ಭುಜ, ಮುಂಗಾಲುಗಳ ಮೇಲೆ. ಬೆನ್ನುಮೂಳೆಯ ಇಕ್ಕೆಲದ ಮಾಂಸಕ್ಕೆ ಅಷ್ಟು ದುಡಿಮೆಯಿಲ್ಲ. ಆದ್ದರಿಂದ ಬೆನ್ನಿನ ಮಾಂಸ ಮೆತ್ತಗೆ, ಭುಜದ್ದು ಗಟ್ಟಿ. ದುಡಿಯುವ ಸ್ನಾಯುವಿನ ಎಳೆಗಳನ್ನು ಕಟ್ಟಿಹಿಡಿಯಲು ಹೆಚ್ಚು ಕಟ್ಟು ಬೇಕು. ಆ ಕಟ್ಟಿನ ಮುಖ್ಯ ವಸ್ತು ಕೊಲಾಜೆನ್ ಎಂಬ ಪ್ರೋಟೀನು. ಮೂರು ಎಳೆಗಳು ಒಂದಕ್ಕೊಂದು ಹೊಸೆದುಕೊಂಡ ರಚನೆ ಅದರದು. ತೊಗಲಿನಲ್ಲೂ ತುಂಬಿರುವುದು ಅದೇ. ಪಂದಿ ಕರಿಗೆ ತೊಗಲು ತೆಗೆಯದ ಮಾಂಸವೇ ಬೇಕು ಎಂದು ಬಲ್ಲವರು ಹಟ ಹಿಡಿಯುವುದು ಇದಕ್ಕಾಗಿ.

ಹಂದಿಯ ನೆಣದ್ದು ಇನ್ನೊಂದು ವಿಶೇಷ. ಕುರಿ, ಮೇಕೆ, ದನಗಳಿಗೆ ಮೆಲುಕು ಹಾಕುವ ನಾಲ್ಕು ಕೋಣೆಯ ಹೊಟ್ಟೆ. ಅಲ್ಲಿನ ಸೂಕ್ಷ್ಮಜೀವಿಗಳು ಮೇವಿನಲ್ಲಿರುವ ಎಣ್ಣೆಯಂಶವನ್ನು ಗಟ್ಟಿ ಕೊಬ್ಬಾಗಿ ಬದಲಿಸಿಬಿಡುತ್ತವೆ. ಹಂದಿಗೆ ನಮ್ಮ ಹಾಗೆ ಒಂದೇ ಕೋಣೆಯ ಹೊಟ್ಟೆ. ತಿಂದ ಎಣ್ಣೆ ಹೆಚ್ಚುಕಡಿಮೆ ಇದ್ದ ರೂಪದಲ್ಲೇ ಮೈಯ ಕೊಬ್ಬನ್ನು ಸೇರುತ್ತದೆ. ಎಣ್ಣೆಯಂಶ ಹೆಚ್ಚಿರುವ ಮೇವು ತಿಂದ ಹಂದಿಯ ನೆಣ ಮೆತ್ತಗೆ, ಜೋಳ ಬಾರ್ಲಿ ತಿಂದದ್ದರ ನೆಣ ತುಸು ಗಟ್ಟಿ. ಆಲಿವ್ ಎಣ್ಣೆಯಲ್ಲಿ ಹೇರಳವಾಗಿರುವ ಓಲಿಯಿಕ್ ಆಮ್ಲವೇ ಹಂದಿಯ ಕೊಬ್ಬಿನಲ್ಲೂ ದೊಡ್ಡ ಪಾಲು. ಕುರಿಯ ಕೊಬ್ಬು ಪೂರ್ತಿ ಕರಗಲು 45 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅದಕ್ಕೇ ಆರಿದ ಮಟನ್ ಸಾರು ಅಂಗುಳಿಗೆ ಮೆತ್ತಿಕೊಳ್ಳುತ್ತದೆ. ಹಂದಿಯ ನೆಣದಲ್ಲಿ ಬಹುಪಾಲು ಬಾಯಿಯ ಬಿಸಿಗೇ ಸಡಿಲುತ್ತದೆ.

ಈಗ ಒಲೆಯ ಮೇಲೆ ನಡೆಯುವುದನ್ನು ನೋಡೋಣ. ಮಾಂಸ ಬಿಸಿಯಾಗುತ್ತ 50 ಡಿಗ್ರಿ ದಾಟಿದಾಗ ಸ್ನಾಯುವಿನ ಒಂದು ಮುಖ್ಯ ಪ್ರೋಟೀನು, ಮಯೋಸಿನ್, ಮುದುರಿಕೊಳ್ಳುತ್ತದೆ. 60ರಿಂದ 65ರ ನಡುವೆ ಕೊಲಾಜೆನ್ ಕುಗ್ಗಿ ಎಳೆಗಳನ್ನು ಹಿಂಡುತ್ತದೆ. ಅದರ ಬೆನ್ನಿಗೇ ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನೂ ಮುದುರಿ, ಒಳಗಿದ್ದ ನೀರು ಹೊರಬರುತ್ತದೆ. ಪಾತ್ರೆಯಲ್ಲಿ ನೀರು ಹಾಕದೆಯೇ ಸಾರು ಕಾಣಿಸಿಕೊಳ್ಳುವುದು ಆಗಲೇ. ಆ ಹೊತ್ತಿಗೆ ಒಂದು ತುಂಡು ಬಾಯಿಗೆ ಹಾಕಿಕೊಂಡರೆ ಹಸಿ ಮಾಂಸಕ್ಕಿಂತ ಗಟ್ಟಿ. ಬಹಳ ಮನೆಗಳಲ್ಲಿ ಉರಿ ಜೋರು ಮಾಡುವುದು ಇದೇ ಘಟ್ಟದಲ್ಲಿ. ಬೇಕಾದ್ದು ಜೋರಲ್ಲ, ಹೊತ್ತು. 70 ಡಿಗ್ರಿ ಮೀರಿದ ಮೇಲೆ ಕೊಲಾಜೆನ್‌ನ ಹೊಸೆದ ಎಳೆಗಳು ಒಂದೊಂದಾಗಿ ಬಿಚ್ಚಿಕೊಂಡು ಜೆಲಾಟಿನ್ ಆಗುತ್ತವೆ. ಈ ಕೆಲಸ ನಿಮಿಷಗಳದ್ದಲ್ಲ, ಗಂಟೆಯದು. ಜೆಲಾಟಿನ್ ನೀರನ್ನು ಹಿಡಿದುಕೊಳ್ಳುತ್ತದೆ, ಕರಗಿದ ನೆಣದ ಜೊತೆ ಸೇರಿ ಎಳೆಗಳ ನಡುವೆ ನಿಲ್ಲುತ್ತದೆ. ಮಾಂಸ ತನ್ನ ನೀರನ್ನು ಕಳೆದುಕೊಂಡಿದ್ದರೂ ಬಾಯಿಗೆ ರಸಭರಿತ ಎನ್ನಿಸುವುದು ಇದರಿಂದ. ಮಾಂಸಕ್ಕೆ ಸಾಕಿದ ಹಂದಿ ಸಾಮಾನ್ಯವಾಗಿ ಏಳೆಂಟು ತಿಂಗಳೊಳಗಿನದು. ಅದರ ಕೊಲಾಜೆನ್‌ನ ಬೆಸುಗೆಗಳು ಇನ್ನೂ ಬಲಿತಿರುವುದಿಲ್ಲ. ಹಾಗಾಗಿ ಮುದಿ ಟಗರಿಗೆ ಬೇಕಾಗುವಷ್ಟು ಹೊತ್ತು ಇದಕ್ಕೆ ಬೇಡ. ಒಂದೂವರೆ, ಎರಡು ಗಂಟೆಗೆ ಭುಜದ ಮಾಂಸ ಬಗ್ಗುತ್ತದೆ.

ಕಂಪಲಾಪುರದ ರೈತರಿಗೆ ಈ ತಾಳ್ಮೆಯ ಪಾಠ ಹೊಸದಲ್ಲ. ಬ್ಯಾರನ್‌ನಲ್ಲಿ ಹೊಗೆಸೊಪ್ಪು ಹದ ಮಾಡುವಾಗ ಮೊದಲು 35ರಿಂದ 40 ಡಿಗ್ರಿಯಲ್ಲಿ ಎಲೆ ಹಳದಿಯಾಗಲು ಬಿಡುತ್ತಾರೆ. ಆಮೇಲೆ ಮೆಲ್ಲಗೆ ಶಾಖ ಏರಿಸಿ ಎಲೆಯನ್ನೂ, ಕೊನೆಗೆ 70ರ ಆಸುಪಾಸಿನಲ್ಲಿ ನಡುದಂಟನ್ನೂ ಒಣಗಿಸುತ್ತಾರೆ. ಆತುರಪಟ್ಟು ಸೌದೆ ತುರುಕಿದರೆ ಎಲೆ ಹಸಿರಾಗಿಯೇ ಉಳಿಯುತ್ತದೆ, ಇಲ್ಲವೇ ಸುಟ್ಟು ಕಪ್ಪಾಗುತ್ತದೆ, ಹರಾಜಿನಲ್ಲಿ ದರ ಬೀಳುತ್ತದೆ. ಮಾಂಸದಲ್ಲೂ ಒಂದು ಬದಲಾವಣೆ ಮುಗಿಯುವವರೆಗೆ ಮುಂದಿನದಕ್ಕೆ ಕಾಯಬೇಕು.

ಹಾಗಾದರೆ ಕುಕ್ಕರ್ ತಪ್ಪೇ? ಅಲ್ಲ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ಸೀಮೆಯಲ್ಲಿ ನೀರು 97 ಡಿಗ್ರಿ ಸುಮಾರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ 96ಕ್ಕೆ. ಕುಕ್ಕರ್ ಒಳಗೆ ಒತ್ತಡದಿಂದ ಅದು 120ರ ಹತ್ತಿರ ಹೋಗುತ್ತದೆ, ಕೊಲಾಜೆನ್ ಬೇಗ ಬಿಚ್ಚುತ್ತದೆ. ಆದರೆ ಮುಚ್ಚಿದ ಕುಕ್ಕರ್‌ನಲ್ಲಿ ಸಾರು ಬತ್ತುವುದಿಲ್ಲ, ಎಳೆಗಳು ಅತಿಯಾಗಿ ಒಣಗುವ ಮೊದಲು ನಿಲ್ಲಿಸೋಣವೆಂದರೆ ಒಳಗಿನದು ಕಾಣುವುದೂ ಇಲ್ಲ. ಆತುರವಿದ್ದರೆ ಕೆಲವೇ ವಿಷಲ್ ಕೂಗಿಸಿ, ಆಮೇಲೆ ಮುಚ್ಚಳ ತೆಗೆದು ಸಣ್ಣ ಉರಿಯಲ್ಲಿ ಬತ್ತಿಸುವುದು ಒಳ್ಳೆಯ ರಾಜಿ.

ಇನ್ನು ಹುಳಿ. ಹಂದಿ ಮಾಂಸಕ್ಕೆ ಹಣ್ಣು ಸೇರಿಸುವ ಪದ್ಧತಿ ಎಷ್ಟೋ ದೇಶಗಳದ್ದು. ಯುರೋಪಿನಲ್ಲಿ ಶರತ್ಕಾಲದಲ್ಲಿ ಹಂದಿಗಳನ್ನು ಓಕ್ ಕಾಡಿಗೆ ಬಿಟ್ಟು ಉದುರಿದ ಕಾಯಿಗಳಿಂದ ಕೊಬ್ಬಿಸಿ, ಚಳಿ ಬಲಿಯುವ ಮುನ್ನ ಕೊಯ್ಯುತ್ತಿದ್ದರು. ಸೇಬು ಕೊಯ್ಲಾಗುವುದೂ ಅದೇ ತಿಂಗಳುಗಳಲ್ಲಿ. ಎರಡೂ ಒಂದೇ ಪಾತ್ರೆಗೆ ಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ. ಕೊಡಗಿನ ಪಂಚಾಂಗವೂ ಇಂಥದೇ ಒಂದು ಜೋಡಿ ಮಾಡಿದೆ. ಪಶ್ಚಿಮಘಟ್ಟದ ಗಾರ್ಸಿನಿಯಾ ಗುಮ್ಮಿ-ಗುಟ್ಟಾ ಮರದ ಹಣ್ಣು ಮಾಗಿ ಉದುರುವುದು ಮಳೆಗಾಲದಲ್ಲಿ. ಉತ್ತರ ಕನ್ನಡದಲ್ಲಿ ಇದೇ ಉಪ್ಪಾಗೆ, ಕೇರಳದಲ್ಲಿ ಕುಡಂಪುಳಿ. ಶಿರಸಿ ಕಡೆ ಅದರ ಸಿಪ್ಪೆಯನ್ನು ಬೆಂಕಿಯ ಶಾಖಕ್ಕೆ ಒಣಗಿಸಿಡುತ್ತಾರೆ. ಕೊಡಗಿನಲ್ಲಿ ಮಾಗಿದ ಹಣ್ಣನ್ನು ರಾಶಿ ಹಾಕಿ, ಇಳಿದ ರಸವನ್ನು ಗಂಟೆಗಟ್ಟಲೆ ಕುದಿಸಿ ಕಪ್ಪು ಪಾಕ ಮಾಡುತ್ತಾರೆ. ಅದೇ ಕಾಚಂಪುಳಿ. ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್‌ಪೋಳ್ದ್ ಹಬ್ಬ ಬರುತ್ತದೆ. ಕೋವಿ, ಕತ್ತಿಗಳಿಗೆ ಪೂಜೆ, ಮನೆಮನೆಯಲ್ಲಿ ಪಂದಿ ಕರಿ, ಕಡಂಬುಟ್ಟು. ಹೊಸ ಹುಳಿ ಆ ಹೊತ್ತಿಗೆ ಸಿದ್ಧ. ಮೊದಲು ಬೇಟೆಯ ಕಾಡುಹಂದಿ ಇರುತ್ತಿದ್ದ ಜಾಗದಲ್ಲಿ ಈಗ ಸಾಕು ಹಂದಿ ಇದೆ. ಕಾಡುಹಂದಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ.

ಈ ಹುಳಿಯ ಗುಟ್ಟು ಬಯಲಾದದ್ದು ಮೈಸೂರಿನಲ್ಲೇ. ಅದರಲ್ಲಿರುವುದು ನಿಂಬೆಯ ಸಿಟ್ರಿಕ್ ಆಮ್ಲ, ಹುಣಸೆಯ ಟಾರ್ಟಾರಿಕ್ ಆಮ್ಲ ಎಂದು ಬಹಳ ಕಾಲ ನಂಬಲಾಗಿತ್ತು. ಚೆಲುವಾಂಬ ಮಹಲಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಎಂದು ತೋರಿಸಿದರು. 1969ರಲ್ಲಿ ಅಮೆರಿಕದ ವಿಜ್ಞಾನಿಗಳು, ಸಕ್ಕರೆಯಿಂದ ಕೊಬ್ಬು ತಯಾರಿಸುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ ಎಂದು ಕಂಡರು. ಅಲ್ಲಿಂದ ಮುಂದೆ ವ್ಯಾಪಾರ. ತೂಕ ಇಳಿಸುವ ಗಾರ್ಸಿನಿಯಾ ಮಾತ್ರೆಗಳು ಬಂದವು, ಉಪ್ಪಾಗೆ ಸಿಪ್ಪೆಗೆ ಬೇಡಿಕೆ ಏರಿತು. 1998ರಲ್ಲಿ 135 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ ಆ ಮಾತ್ರೆ ತಿಂದವರಿಗೂ ಬರೀ ಹುಸಿ ಮಾತ್ರೆ ತಿಂದವರಿಗೂ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಈ ಮಾತ್ರೆಗಳನ್ನು ನುಂಗಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ಆಮೇಲೆ ವರದಿಯಾದವು. ಕೊಬ್ಬು ಕರಗಿಸುವ ಹೆಸರಿನಲ್ಲಿ ಜಗತ್ತು ಕೊಂಡ ಹಣ್ಣನ್ನು ಕೊಡಗಿನವರು ಇಷ್ಟೂ ಕಾಲ ನೆಣದ ಮಾಂಸ ಇನ್ನೆರಡು ತುಂಡು ಹೆಚ್ಚು ತಿನ್ನಲು ಬಳಸುತ್ತ ಬಂದಿದ್ದಾರೆ!

ಅದು ಹುಡುಗಾಟದ ಮಾತಲ್ಲ. ಬಾಯಲ್ಲಿ ಜೊಲ್ಲು ಸುರಿಸುವುದರಲ್ಲಿ ಹುಳಿಯನ್ನು ಮೀರಿಸುವ ರುಚಿಯಿಲ್ಲ. ಜೊಲ್ಲು ನಾಲಗೆಯ ಮೇಲಿನ ಜಿಡ್ಡನ್ನು ತೊಳೆಯುತ್ತದೆ, ಮುಂದಿನ ತುತ್ತು ಮತ್ತೆ ಮೊದಲ ತುತ್ತಿನಂತಿರುತ್ತದೆ. ಹಂದಿ ಮಾಂಸದಲ್ಲಿ ಕೋಳಿ, ಕುರಿಗಿಂತ ಹಲವು ಪಟ್ಟು ಹೆಚ್ಚಿರುವ ಬಿ1 ಜೀವಸತ್ವಕ್ಕೂ ಹುಳಿ ಮಿತ್ರ. ಕುದಿಯುವಾಗ ಹಾಳಾಗುವ ಈ ಜೀವಸತ್ವ ಹುಳಿಯಲ್ಲಿ ಹೆಚ್ಚು ಬಾಳುತ್ತದೆ.

ಆದರೆ ಹುಳಿ ಮಾಂಸವನ್ನು ಮೆತ್ತಗೆ ಮಾಡುತ್ತದೆ ಎಂಬ ನಂಬಿಕೆಗೆ ಅಷ್ಟು ಬಲವಿಲ್ಲ. ಆಮ್ಲ ದಪ್ಪ ತುಂಡಿನೊಳಗೆ ಇಳಿಯುವುದು ಬಹಳ ನಿಧಾನ, ಕೆಲವೇ ಮಿಲಿಮೀಟರ್. ಅಲ್ಪಸ್ವಲ್ಪ ಹುಳಿ ತಾಗಿದ ಮಾಂಸ ನೀರನ್ನು ಇನ್ನಷ್ಟು ಬಿಟ್ಟುಕೊಡುವುದೂ ಉಂಟು. ಮೆತ್ತಗಾಗುವುದು ಶಾಖ ಮತ್ತು ಹೊತ್ತಿನಿಂದಲೇ. ಮೊದಲೇ ಹುಳಿ ಸುರಿದರೆ ಕೆಡುವುದು ಈರುಳ್ಳಿ. ಈರುಳ್ಳಿಯ ಗೋಡೆಗಳನ್ನು ಹಿಡಿದಿರುವ ಪೆಕ್ಟಿನ್ ಹುಳಿಯಲ್ಲಿ ಸುಲಭಕ್ಕೆ ಕರಗದು, ಸಾರು ಮಂದವಾಗದೆ ಈರುಳ್ಳಿ ಚೂರುಚೂರಾಗಿ ಉಳಿಯುತ್ತದೆ. ಮಾಂಸ ಬೆಂದ ಮೇಲೆ ಕಾಚಂಪುಳಿ ಹಾಕುವ ಕೊಡಗಿನ ಕ್ರಮ ರಸಾಯನಶಾಸ್ತ್ರಕ್ಕೂ ಒಪ್ಪುತ್ತದೆ. ವಿನೆಗರ್‌ನ ಅಸಿಟಿಕ್ ಆಮ್ಲ ಆವಿಯಾಗಿ ಹೋಗುವಂತೆ ಈ ಆಮ್ಲ ಹೋಗುವುದಿಲ್ಲ, ಕೊನೆಯ ಹತ್ತು ನಿಮಿಷಕ್ಕೆ ಹಾಕಿದ್ದು ಅಷ್ಟೂ ಪಾತ್ರೆಯಲ್ಲೇ ಇರುತ್ತದೆ. ಹಾಗಾಗಿ ಅಳತೆ ತಪ್ಪಿದರೆ ತೆಗೆಯಲಾಗದು.

ನಿಜವಾಗಿ ಮಾಂಸ ಕತ್ತರಿಸುವ ಹಣ್ಣುಗಳು ಬೇರೆ ಇವೆ. ಹಸಿ ಪರಂಗಿಯ ಪಪೇನ್, ಅನಾನಸಿನ ಬ್ರೋಮೆಲೈನ್ ಎಂಬ ಕಿಣ್ವಗಳು ಪ್ರೋಟೀನನ್ನೇ ತುಂಡರಿಸುತ್ತವೆ. ರಾತ್ರಿಯಿಡೀ ನೆನೆಸಿಟ್ಟರೆ ಮೇಲ್ಮೈ ಮುದ್ದೆಯಾಗಿ, ಒಳಗಿನದು ಇದ್ದಂತೆಯೇ ಇರುತ್ತದೆ. ಅರ್ಧ ಗಂಟೆ ಸಾಕು. ಕುದಿ ಬಂದ ಮೇಲೆ ಹಾಕಿದ ಅನಾನಸಿನ ಕಿಣ್ವ ಸತ್ತಿರುತ್ತದೆ, ಉಳಿಯುವುದು ಸಿಹಿ, ಹುಳಿ, ಪರಿಮಳ. ಕೊಡಗಿನ ಕಿತ್ತಳೆಯ ರಸ ಬಳಸುವುದಾದರೆ ಒಲೆ ಆರಿಸುವ ಮುನ್ನ ಹಾಕಿ, ಬಹಳ ಕುದಿದರೆ ಕಹಿ ಹುಟ್ಟುತ್ತದೆ.

ಲಾಡಿಹುಳುವಿನ ಭಯದ ಬಗ್ಗೆ ಒಂದು ಮಾತು. ಹಂದಿ ಮಾಂಸ ತಿಂದರೆ ಮೆದುಳಿಗೆ ಹುಳ ಹೋಗುತ್ತದೆ ಎನ್ನುತ್ತಾರೆ. ಅರೆಬೆಂದ ಮಾಂಸದಲ್ಲಿ ಮರಿಹುಳು ಅಡಗಿರುವ ಗುಳ್ಳೆಗಳಿಂದ ಬರುವುದು ಕರುಳಿನ ಲಾಡಿಹುಳು. ಮೆದುಳಿಗೆ ಹೋಗಿ ಮೂರ್ಛೆ ತರುವುದು ಆ ಹುಳುವಿನ ಮೊಟ್ಟೆಯಿಂದ ಹೊರಟ ಮರಿ. ಮೊಟ್ಟೆ ಬರುವುದು ಲಾಡಿಹುಳು ಇರುವ ಮನುಷ್ಯನ ಮಲದಿಂದ, ತೊಳೆಯದ ಕೈ, ಸೊಪ್ಪು, ಕೊಳಕು ನೀರಿನ ಮೂಲಕ. ಹಾಗಾಗಿ ಹಂದಿ ಮುಟ್ಟದವರಿಗೂ ಅದು ಬರುತ್ತದೆ. ಶೌಚಾಲಯ, ಸೋಪು, ಕಟ್ಟಿ ಸಾಕಿದ ಹಂದಿ, ಈ ಮೂರೂ ಇದ್ದರೆ ಅದರ ಸರಪಳಿ ಕಡಿಯುತ್ತದೆ. ಪಾತ್ರೆಯ ಮಟ್ಟಿಗೆ, ಗಂಟೆಗೂ ಹೆಚ್ಚು ಹೊತ್ತು ಕುದಿಯ ಅಂಚಿನಲ್ಲಿ ಬೆಂದ ಮಾಂಸದಲ್ಲಿ ಗುಳ್ಳೆ ಬದುಕುವುದಿಲ್ಲ.

ಇಷ್ಟು ತಿಳಿದರೆ ಅಡುಗೆ ಸುಲಭ. ಒಂದು ಕಿಲೋ ಭುಜದ ಮಾಂಸ, ತೊಗಲು ನೆಣ ಸಹಿತ, ಅಂಗುಲದ ತುಂಡು. ಉಪ್ಪು, ಅರಿಶಿನ, ಖಾರದಪುಡಿ ಸವರಿಡಿ. ದಪ್ಪ ತಳದ ಪಾತ್ರೆಯಲ್ಲಿ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಬಾಡಿಸಿ, ಮಾಂಸ ಹಾಕಿ ಅದರ ನೀರು ಇಳಿಯುವವರೆಗೆ ಮುಚ್ಚಿ. ಆಮೇಲೆ ಒಂದು ಲೋಟ ಬಿಸಿನೀರು, ಉರಿ ಸಣ್ಣ. ಧನಿಯ, ಜೀರಿಗೆ, ಮೆಣಸು, ಸಾಸಿವೆ, ಚೂರು ಮೆಂತ್ಯವನ್ನು ಕಪ್ಪಾಗುವ ಅಂಚಿನವರೆಗೆ ಹುರಿದು ಪುಡಿ ಮಾಡಿ, ಮುಕ್ಕಾಲು ಬೆಂದಾಗ ಬೆರೆಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ಸ್ಟೀಲು ಅಥವಾ ಮಣ್ಣಿನದು ಆಗಬಹುದು. ಗಡಿಯಾರ ನೋಡಬೇಡಿ. ಚಮಚದ ಅಂಚನ್ನು ತೊಗಲಿಗೆ ಒತ್ತಿ ನೋಡಿ, ಸಲೀಸಾಗಿ ಕತ್ತರಿಸಿಹೋದರೆ ಒಂದು ಚಮಚ ಕಾಚಂಪುಳಿ ಹಾಕಿ, ರುಚಿ ನೋಡಿ ಇನ್ನರ್ಧ. ಕತ್ತರಿಸದಿದ್ದರೆ ಇನ್ನೂ ಕಾಲು ಗಂಟೆ. ಅಲ್ಲಿಯವರೆಗೆ ಹುಳಿಯ ಬಾಟಲಿಗೆ ಕೈ ಹಾಕಬೇಡಿ.