ದಡದ ಭಯ

ದಡ ಸೇರಿದರೆ ಗೆದ್ದಂತೆ ಎಂಬುದು ನಮ್ಮ ಭಾಷೆಯ ನಂಬಿಕೆ. ದೊಡ್ಡ ಗಾಳಿಪಟವನ್ನು ಮೈಗೆ ಬಿಗಿದುಕೊಂಡು, ಹಲಗೆಯ ಮೇಲೆ ನಿಂತು ಕಡಲಿನಲ್ಲಿ ಜಾರುವ ಕೈಟ್‌ಸರ್ಫಿಂಗ್ ಆಟದಲ್ಲಾದರೋ ಹೆಚ್ಚಿನ ಭಯವಿರುವುದು ದಡದಲ್ಲಿಯೇ ಎಂದು ನನಗೆ ತೋರುತ್ತದೆ. ಫ್ರಾನ್ಸಿನ ಲೆಗೆನ್ಯೂ ಸಹೋದರರು 1984ರಲ್ಲಿ ಗಾಳಿ ತುಂಬುವ ಪಟವನ್ನು ರೂಪಿಸಿದ ಮೇಲೆ ಬೆಳೆದ ಈ ಆಟ ಈಗ ರಾಮೇಶ್ವರದ ಕಡಲಿಗೂ ಬಂದಿದೆ.

ಪಟಕ್ಕೂ ಆಟಗಾರನಿಗೂ ನಡುವೆ ಸಾಮಾನ್ಯವಾಗಿ 20ರಿಂದ 25 ಮೀಟರು ಉದ್ದದ ದಾರಗಳಿರುತ್ತವೆ. ನೀರಿನ ಮೇಲೆ ಸಮನಾಗಿ ಬೀಸುವ ಗಾಳಿ ಮನೆಮರಗಳಿಗೆ ಬಡಿದೊಡನೆ ಸುಳಿಯಾಗುತ್ತದೆ. ಆಗ ಪಟವು ಒಮ್ಮೆ ಕುಸಿದು, ಮರುಕ್ಷಣವೇ ಆಳನ್ನು ಎತ್ತಿ ಗೋಡೆಗೆ ಅಪ್ಪಳಿಸಬಲ್ಲದು. ಉಪ್ಪುನೀರಿನಲ್ಲಿ ನೆನೆದ ದಾರ ವಿದ್ಯುತ್ ತಂತಿಗೆ ತಗುಲಿದರಂತೂ ಸಾವಿಗೆ ಅದೇ ಸೇತುವೆ. ಆದುದರಿಂದ ಗಾಳಿ ಸಾಗುವ ದಿಕ್ಕಿನಲ್ಲಿ ಮನೆ, ಕಂಬ, ತಂತಿಗಳಿಲ್ಲದ ಬಯಲನ್ನೇ ಆರಿಸಿಕೊಳ್ಳಬೇಕು.

ಎದೆಯ ಮುಂದೆ ಬಿಡುಗಡೆಯ ಕೊಂಡಿಯೊಂದಿರುತ್ತದೆ. ಅದನ್ನು ಕಳಚಿದರೆ ಪಟದ ಬಲ ಉಡುಗುತ್ತದೆ. ಎರಡನೆಯದನ್ನು ಕಳಚಿದರೆ ಪಟವೇ ಕೈಬಿಟ್ಟು ಹೋಗುತ್ತದೆ. ಬೆಲೆಬಾಳುವ ವಸ್ತುವೆಂದು ಮನಸ್ಸು ತಡೆಯುವುದು ಸಹಜ. ತಂತಿಗೆ ಸಿಕ್ಕಿದ ಪಟವನ್ನು ಬಿಡಿಸಹೋಗುವ ಆಸೆಯೂ ಅಂಥದೇ. ವಿದ್ಯುತ್ತಿನವರು ಬರುವವರೆಗೆ ದೂರ ನಿಲ್ಲುವುದೇ ಲೇಸು. ಹಿಡಿಯುವ ವಿದ್ಯೆಗಿಂತ ಮೊದಲು ಬಿಡುವ ವಿದ್ಯೆ ಕೈಗೆ ಬರಬೇಕು.